ಕಳ್ಳನ ಹೊತ್ತು ಕದಿಯಬೇಡಿ: ಉತ್ಸವ ನಡೆಸುವವರಿಗೊಂದು ಬಹಿರಂಗ ಪತ್ರ

ಊರೂರಲ್ಲಿ ಉತ್ಸವ ನಡೆಸುವವರಿಗೆ, ಜಾತ್ರೆ ಕಮಿಟಿಯವರಿಗೆ, ರಾಜ್ಯೋತ್ಸವಕ್ಕೆ ನಾಟಕ ಆಡಿಸುವ ಸಂಘಗಳಿಗೆ, ಹೊರನಾಡಿನ ಕನ್ನಡ ಕೂಟಗಳಿಗೆ,

ನಮಸ್ಕಾರ.

ನನ್ನದು ಒಂದೇ ಬೇಡಿಕೆ. ಹಿರಿಯ ಹಾಸ್ಯನಟರ ಹಾಡು-ನಗುವಿನ ನಾಟಕ ಇಟ್ಟುಕೊಂಡರೆ ಅದಕ್ಕೆ ಬೇಕಾದಷ್ಟು ಹೊತ್ತು ಕೊಡಿ. ಮೂರು ಗಂಟೆಯ ನಾಟಕಕ್ಕೆ ಮೂರು ಗಂಟೆ. ಅಷ್ಟು ಕೊಡಲು ಆಗುವುದಿಲ್ಲ ಎಂದರೆ ನಾಟಕ ಇಡಲೇಬೇಡಿ. ಕರೆದು ಒಂದು ಶಾಲು ಹೊದಿಸಿ, ಒಳ್ಳೆ ಊಟ ಹಾಕಿ ಕಳಿಸಿ. ಅದರಲ್ಲಾದರೂ ಮರ್ಯಾದೆ ಇರುತ್ತದೆ.

ಸ್ವಲ್ಪ ಖಾರವಾಯಿತು, ಅಲ್ವಾ? ಕಾರಣ ಹೇಳುತ್ತೇನೆ.

ಇತ್ತೀಚೆಗೆ ಒಂದು ಊರಿನ ಉತ್ಸವದಲ್ಲಿ ಊರೂರಲ್ಲಿ ಕ್ಯಾಂಪ್ ಹಾಕಿ ಆಡುವ ವೃತ್ತಿ ನಾಟಕ ಕಂಪನಿಯ ಹಳೆಯ ನಟರೊಬ್ಬರ ನಾಟಕ ಇತ್ತು. ಊರಿನ ಹೆಸರೂ ಬೇಡ, ನಟರ ಹೆಸರೂ ಬೇಡ. ನನ್ನ ಪತ್ರದ ದೆಸೆಯಿಂದ ಅವರಿಗೆ ಮುಂದಿನ ವರ್ಷದ ಕಾರ್ಯಕ್ರಮ ತಪ್ಪಬಾರದು. ಎಪ್ಪತ್ತು ದಾಟಿದ ಮನುಷ್ಯ. ಬಾಲ್ಯವೆಲ್ಲ ಕಂಪನಿಯ ಕ್ಯಾಂಪುಗಳಲ್ಲೇ ಕಳೆದದ್ದು. ಹಾಡು, ಕುಣಿತ, ಮಾತು ಮೂರೂ ಒಬ್ಬರ ಮೈಯಲ್ಲೇ ಇರುವ ಪೈಕಿ. ಆಮಂತ್ರಣದಲ್ಲಿ ಸಂಜೆ 6 ಗಂಟೆ ಎಂದಿತ್ತು. ಅತಿಥಿಗಳು ಬರುವುದೇ ತಡವಾಯಿತು. ಆಮೇಲೆ ನಾಡಗೀತೆ, ದೀಪ, ಸ್ವಾಗತ, ಪ್ರಾಸ್ತಾವಿಕ ಮಾತು. ಆಮೇಲೆ ಸನ್ಮಾನಗಳು. ಪೇಟ, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಫೋಟೋ. ಫೋಟೋದಲ್ಲಿ ಯಾರೋ ಬಿಟ್ಟುಹೋದರು ಎಂದು ಮತ್ತೊಂದು ಫೋಟೋ. ಮೂರನೇ ಬೆಲ್ ಹೊಡೆದಾಗ ರಾತ್ರಿ ಒಂಬತ್ತು. ಹತ್ತಕ್ಕೆ ಮೈಕ್ ಆಫ್ ಮಾಡಲೇಬೇಕು, ಬಯಲಿನ ಕಾರ್ಯಕ್ರಮ. ಎರಡೂವರೆ ಗಂಟೆಯ ನಾಟಕ ಒಂದು ಗಂಟೆಗೆ ಇಳಿಯಿತು. ಕೊನೆಯ ಇಪ್ಪತ್ತು ನಿಮಿಷ ಸೈಡ್ ವಿಂಗ್‌ನಲ್ಲಿ ಬ್ಯಾಡ್ಜ್ ಹಾಕಿಕೊಂಡ ಒಬ್ಬರು ನಿಂತು ಕೈಗಡಿಯಾರ ತೋರಿಸುತ್ತಲೇ ಇದ್ದರು. ನಮಗೂ ಕಾಣುತ್ತಿತ್ತು. ಪಾಪ, ನಟರಿಗಂತೂ ಕಾಣದೇ ಇರುತ್ತದೆಯೇ?

ಆ ಒಂದು ಗಂಟೆಯಲ್ಲೂ ಜನ ನಕ್ಕರು. ಚಪ್ಪಾಳೆಯೂ ಬಿತ್ತು. ನಿಮ್ಮ ಲೆಕ್ಕದಲ್ಲಿ ಕಾರ್ಯಕ್ರಮ ಯಶಸ್ವಿ. ಸಮಸ್ಯೆ ಇರುವುದೇ ಇಲ್ಲಿ. ಏನು ಹೋಯಿತು ಎಂಬುದು ಯಾರಿಗೂ ಗೊತ್ತಾಗಲಿಲ್ಲ.

ಬೇಗ ಮುಗಿಸಿ ಎಂದರೆ ನಟ ಮೊದಲು ಬಿಡುವುದು ಹಾಡನ್ನು. ಆಮೇಲೆ ಬಿಡುವುದು ಸುಮ್ಮನಿರುವುದನ್ನು. ಹಳೆಯ ಹಾಸ್ಯನಟ ರಂಗಕ್ಕೆ ಬಂದ ಕೂಡಲೇ ಮಾತಾಡುವುದಿಲ್ಲ. ಬಂದು ನಿಲ್ಲುತ್ತಾನೆ. ಜನರನ್ನು ನೋಡುತ್ತಾನೆ. ಹಾರ್ಮೋನಿಯಂ ನುಡಿಸುವ ಪೆಟ್ಟಿಗೆ ಮಾಸ್ಟರ್ ಕಡೆ ನೋಡುತ್ತಾನೆ. ಪಂಚೆ ಸರಿ ಮಾಡಿಕೊಳ್ಳುತ್ತಾನೆ. ಎಲ್ಲೋ ಒಂದು ಮೂಲೆಯಲ್ಲಿ ಒಬ್ಬರು ಕಿಸಕ್ ಎನ್ನುತ್ತಾರೆ. ಅದು ಸಾಲಿಂದ ಸಾಲಿಗೆ ಹಬ್ಬಿ ಇಡೀ ಮಂಟಪ ನಗುವವರೆಗೂ ಅವನ ಬಾಯಿಂದ ಒಂದು ಮಾತೂ ಬಂದಿರುವುದಿಲ್ಲ. ಇದಕ್ಕೆ ಹೊತ್ತು ಬೇಕು. ಹೊತ್ತು ಇಲ್ಲ ಎಂದಾಗ ಉಳಿಯುವುದು ಜೋಕುಗಳು ಮಾತ್ರ. ಜೋಕುಗಳು ಎಲ್ಲರ ಫೋನಿನಲ್ಲೂ ಇವೆ.

ಕಂಪನಿ ನಾಟಕದಲ್ಲಿ ಹಾಸ್ಯ ಎಲ್ಲಿ ಕೂರುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು. ಹೊಸ ಸಂಘಟಕರಲ್ಲಿ ಹಲವರು ಪರದೆ ನಾಟಕವನ್ನು ಒಳಗಿನಿಂದ ನೋಡಿರುವುದಿಲ್ಲ. ದರ್ಬಾರ್ ಸೀನ್ ಮುಗಿಯಿತು ಎನ್ನಿ. ಮುಂದಿನದು ಕಾಡು. ಸಿಂಹಾಸನ ಎತ್ತಬೇಕು, ಮರಗಳ ಕಟೌಟ್ ನಿಲ್ಲಿಸಬೇಕು, ನಾಯಕಿ ಸೀರೆ ಬದಲಿಸಬೇಕು. ಅಷ್ಟು ಹೊತ್ತು ಜನರನ್ನು ಹಿಡಿದಿಡಬೇಕಲ್ಲ. ಆಗ ಮುಂದೆ ಬೀದಿಯ ಚಿತ್ರ ಬರೆದ ಪರದೆ ಬೀಳುತ್ತದೆ. ಹಾಸ್ಯದವರು ಬರುತ್ತಾರೆ. ಪರದೆಯ ಹಿಂದೆ ಸುತ್ತಿಗೆ ಸದ್ದು ಕೇಳುತ್ತಿರುವಷ್ಟು ಹೊತ್ತೂ ಅವರು ಎಳೆಯಬೇಕು, ಸದ್ದು ನಿಂತ ತಕ್ಷಣ ಮುಗಿಸಬೇಕು. ಇವತ್ತು ಎಷ್ಟು ಹೊತ್ತು ಎಂಬುದು ಅವರಿಗೂ ಗೊತ್ತಿರುವುದಿಲ್ಲ. ಕನ್ನಡ ರಂಗದ ಆಶುಮಾತು ಬೆಳೆದದ್ದು ಈ ಬೀದಿ ಪರದೆಯ ಮುಂದೆ. ಕ್ಯಾಂಪ್ ಹಾಕಿದ ಊರಿನ ಹೆಸರು, ಅಲ್ಲಿನ ಕೆರೆ, ಬಸ್ ಸ್ಟ್ಯಾಂಡ್, ಜಿಪುಣ ಸಾಹುಕಾರ ಎಲ್ಲ ನಾಟಕದೊಳಗೆ ಬರುತ್ತಿದ್ದದ್ದು ಹೀಗೆ. ಬರೆದ ನಾಟಕದಲ್ಲಿ ಇವು ಇರುವುದಿಲ್ಲ. ಹಾಸ್ಯನಟರು ಹಿರಿಯರಿಂದ ಕಿರಿಯರಿಗೆ ಬಾಯಲ್ಲೇ ದಾಟಿಸಿದ ಆಸ್ತಿ ಇದು.

ನೀವು ಹಾಸ್ಯವನ್ನು ಎಲೆ ತುದಿಯ ಉಪ್ಪಿನಕಾಯಿ ಅಂದುಕೊಂಡಿದ್ದೀರಿ. ಇದ್ದರೆ ಸರಿ, ಕಮ್ಮಿಯಾದರೂ ಊಟ ನಡೆಯುತ್ತದೆ ಎಂದು. ಕನ್ನಡದ ಅತಿ ದೊಡ್ಡ ನಾಟಕ ಕಂಪನಿಯ ಮಾಲೀಕರು ಯಾರಾಗಿದ್ದರು, ನೆನಪು ಮಾಡಿಕೊಳ್ಳಿ. ಹಾಸ್ಯನಟರು. ಗುಬ್ಬಿ ಕಂಪನಿ 1884ರಲ್ಲಿ ಶುರುವಾಯಿತು. ಅಲ್ಲಿಗೆ ಚಿಕ್ಕ ಹುಡುಗನಾಗಿ ಸೇರಿದ ವೀರಣ್ಣ ಮುಂದೆ ಅದರ ಯಜಮಾನರಾದರು. 1934ರಲ್ಲಿ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದರು. ಅಷ್ಟು ದೊಡ್ಡ ವೈಭವ ಕಟ್ಟಿದ ಮನುಷ್ಯ ತಾನು ಹಾಕುತ್ತಿದ್ದದ್ದು ರಾಜನ ಪಾರ್ಟಲ್ಲ. ಜನ ಅವರನ್ನು ನೆನೆಯುವುದು ಸದಾರಮೆ ನಾಟಕದ ಕಳ್ಳನಾಗಿ. ಮೈಸೂರು ಮಹಾರಾಜರು ಅವರಿಗೆ ಕೊಟ್ಟ ಬಿರುದು ‘ವರ್ಸಟೈಲ್ ಕಮೆಡಿಯನ್’. ಇವತ್ತು ಅವರ ಹೆಸರಿನಲ್ಲಿ ರಾಜ್ಯ ಸರ್ಕಾರದ ಪ್ರಶಸ್ತಿ ಇದೆ, ರಂಗಮಂದಿರಗಳಿವೆ. ಹೆಸರು ಉಳಿಸಿಕೊಂಡಿದ್ದೇವೆ. ಅವರ ಕಸುಬಿಗೆ ಮಾತ್ರ ನಲವತ್ತೈದು ನಿಮಿಷ.

ಸದಾರಮೆಯ ವಿಷಯ ಬಂದಿತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆಳ್ಳಾವೆ ನರಹರಿಶಾಸ್ತ್ರಿಗಳು ಗುಬ್ಬಿ ಕಂಪನಿಗೆ ಬರೆದ ನಾಟಕ ಇದು. ನೂರಾರು ಸಲ ಆಡಿದ್ದಾರೆ, ಈಗಲೂ ಆಡುತ್ತಾರೆ. ವೀರಣ್ಣನವರ ಆ ಕಳ್ಳನ ವೇಷವನ್ನು ಮುಂದೆ ಹಾಕಿದವರು ಅವರ ಮೊಮ್ಮಗಳು ಬಿ. ಜಯಶ್ರೀ. ಮಗುವಾಗಿದ್ದಾಗಲೇ ಅಜ್ಜನ ಕಂಪನಿಯಲ್ಲಿ ರಂಗ ಹತ್ತಿದವರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿದರು. ಸ್ಪಂದನ ತಂಡ ಕಟ್ಟಿದರು. ಮೈಸೂರಿನ ರಂಗಾಯಣ ನಡೆಸಿದರು. ರಾಜ್ಯಸಭೆಯಲ್ಲಿ ಕೂತರು. 2013ರಲ್ಲಿ ಪದ್ಮಶ್ರೀ ಬಂತು. ಇಷ್ಟೆಲ್ಲದರ ನಡುವೆ ಅಜ್ಜನ ಕಳ್ಳನನ್ನು ಅವರು ಬಿಡಲಿಲ್ಲ. ಒಂದು ಕಾಲದಲ್ಲಿ ಕಂಪನಿಗಳಲ್ಲಿ ಗಂಡಸರೇ ಸೀರೆ ಉಟ್ಟು ನಾಯಕಿಯಾಗುತ್ತಿದ್ದರು. ಇಲ್ಲಿ ಹೆಣ್ಣೊಬ್ಬಳು ಕಳ್ಳನಾಗಿ ಬಂದು ಎದುರಿನ ಹೆಣ್ಣಿಗೆ ಕಣ್ಣು ಹೊಡೆಯುತ್ತಾಳೆ. ಜನಕ್ಕೆ ಎಲ್ಲ ಗೊತ್ತು. ಗೊತ್ತಿದ್ದೇ ಮಜಾ.

ಕಳ್ಳ ಮತ್ತು ನಾಯಕಿ ಸದಾರಮೆ ಎದುರುಬದುರಾಗುವ ಭಾಗವನ್ನು ಅವಸರದಲ್ಲಿ ಆಡಿದರೆ ಏನಾಗುತ್ತದೆ ಯೋಚಿಸಿ. ಒಬ್ಬ ಕಳ್ಳ, ಒಬ್ಬಂಟಿ ಹೆಣ್ಣು. ಬರೀ ಕಥೆಯಾಗಿ ಹೇಳಿದರೆ ನಗುವಂಥದ್ದು ಅದರಲ್ಲಿ ಏನೂ ಇಲ್ಲ, ಭಯವಾಗುವಂಥದ್ದು. ಆ ಭಯ ನಗುವಾಗುವುದು ನಿಧಾನಕ್ಕೆ. ಕಳ್ಳ ತನ್ನ ಬಗ್ಗೆ ತಾನೇ ಕೊಚ್ಚಿಕೊಳ್ಳಬೇಕು. ಮಾತಾಡುತ್ತ ಮಾತಾಡುತ್ತ ಹಾಡಿಗೆ ಜಾರಬೇಕು. ಹಾಡಿನ ಮಧ್ಯೆ ನಿಲ್ಲಿಸಿ ಮತ್ತೆ ಮಾತಿಗೆ ಬರಬೇಕು. ಅವನು ಎಷ್ಟು ಬೀಗಿದರೆ ಅವಳಿಗೆ ಅಷ್ಟು ಅನುಕೂಲ. ಅವಳ ಜಾಣತನದ ಮುಂದೆ ಅವನು ಪೆದ್ದನಾಗುತ್ತಾ ಹೋಗುವುದನ್ನು ನಾವು ಕೂತು ನೋಡಬೇಕು. ಜಯಶ್ರೀಯವರ ದನಿ ನಿಮಗೆ ಗೊತ್ತಲ್ಲ, ದಪ್ಪ ಕಂಠ, ಕೊನೆಯ ಸಾಲಿಗೆ ಮೈಕ್ ಇಲ್ಲದೆಯೂ ಮುಟ್ಟುವಂಥದ್ದು. ಆ ದನಿಯಲ್ಲಿ ಕಳ್ಳನ ಜಂಬವೂ ಇರುತ್ತದೆ, ಪೆದ್ದುತನವೂ ಇರುತ್ತದೆ. ಈ ಸೀನನ್ನು ಹತ್ತು ನಿಮಿಷಕ್ಕೆ ಇಳಿಸಿದರೆ ಉಳಿಯುವುದು ಒಬ್ಬ ಕಳ್ಳ, ಒಬ್ಬಂಟಿ ಹೆಣ್ಣು.

ಸಂಗೀತದ ಮಾತಿಗೆ ಬರೋಣ. ಈಚೆಗೆ ಸಂಘಟಕರು ಕಲಾವಿದರಿಗೆ ಹೇಳುವ ಒಂದು ಮಾತು ನನ್ನ ಕಿವಿಗೂ ಬಿದ್ದಿದೆ: ‘ವಾದ್ಯದವರನ್ನೆಲ್ಲ ಕರ್ಕೊಂಡು ಬರಬೇಡಿ ಸಾರ್, ಟ್ರ್ಯಾಕ್ ಇದ್ರೆ ಪೆನ್ ಡ್ರೈವ್ ಕೊಡಿ.’ ನಾಲ್ಕು ಜನರ ಬಸ್ ಚಾರ್ಜು, ಊಟ, ರೂಮು ಉಳಿಯುತ್ತದೆ, ಒಪ್ಪಿದೆ. ಆದರೆ ಹಾಸ್ಯನಟನ ಜೊತೆಗಾರ ಯಾರು? ಎದುರಿನ ಪಾತ್ರಧಾರಿಗಿಂತ ಜಾಸ್ತಿ ಪೆಟ್ಟಿಗೆ ಮಾಸ್ಟರ್. ಕಾಲಲ್ಲಿ ತಿದಿ ಒತ್ತುವ ಹಾರ್ಮೋನಿಯಂ ಮುಂದೆ ಕೂತು, ಕಣ್ಣು ಮಾತ್ರ ರಂಗದ ಮೇಲೆ. ನಟನ ಭುಜ ಅಲುಗಿದರೆ ಹಾಡು ಶುರುವಾಗುತ್ತದೆ ಎಂದು ಅವರಿಗೆ ತಿಳಿಯುತ್ತದೆ. ನಗು ಜಾಸ್ತಿ ಹೊತ್ತು ನಡೆದರೆ ಒಂದು ಸ್ವರ ಹಿಡಿದುಕೊಂಡು ಕಾಯುತ್ತಾರೆ. ನಟ ಮಾತು ಮರೆತರೆ ಎರಡು ಸುತ್ತು ಜಾಸ್ತಿ ನುಡಿಸಿ ಕಾಪಾಡುತ್ತಾರೆ. ಬಿದ್ದರೆ ತಬಲಾದ ಒಂದು ಪೆಟ್ಟು, ಎದ್ದರೆ ಇನ್ನೊಂದು. ಪೆನ್ ಡ್ರೈವ್ ಯಾರಿಗೂ ಕಾಯುವುದಿಲ್ಲ. ಅದರ ಹಿಂದೆ ನಟನೇ ಓಡಬೇಕು. ಎಪ್ಪತ್ತು ದಾಟಿದವರನ್ನು ಹೀಗೆ ಓಡಿಸುವುದು ನೋಡಲು ಚೆನ್ನಾಗಿರುವುದಿಲ್ಲ.

ಆ ಸಂಗೀತವೂ ಸುಮ್ನೆ ಅಲ್ಲ. ಉತ್ತರ ಕರ್ನಾಟಕದ ಕಂಪನಿಗಳ ನೆರಳಲ್ಲಿ ಬೆಳೆದವರಲ್ಲಿ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರ್ ಒಬ್ಬರು. ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿ ಪಾರ್ಟು ಮಾಡುತ್ತಿದ್ದರು. ಗದುಗಿನಲ್ಲಿ ಪಂಚಾಕ್ಷರ ಗವಾಯಿಗಳು ಅಂಧ ಮಕ್ಕಳ ಸಂಗೀತ ಶಾಲೆ ಸಾಕಲು ನಾಟಕ ಕಂಪನಿಯನ್ನೇ ಕಟ್ಟಿದರು. ರಾಗ ಗೊತ್ತಿದ್ದವರು ನಗಿಸುವ ಹಾಡಿಗೂ ಮಟ್ಟು ಹಾಕುತ್ತಿದ್ದರು. ಜನ ‘ಒನ್ಸ್ ಮೋರ್’ ಎಂದರೆ ಸತ್ತು ಬಿದ್ದ ಪಾತ್ರ ಎದ್ದು ಮತ್ತೆ ಹಾಡಿ ಮತ್ತೆ ಸಾಯುತ್ತಿತ್ತು ಎಂದು ಹಳಬರು ಹೇಳುತ್ತಾರೆ. ಎಷ್ಟು ನಿಜವೋ, ಆದರೆ ‘ಒನ್ಸ್ ಮೋರ್’ ಅಂತೂ ನಿಜ. ನಿಮ್ಮ ಉತ್ಸವದಲ್ಲಿ ಯಾರಾದರೂ ‘ಒನ್ಸ್ ಮೋರ್’ ಎಂದರೆ ಬ್ಯಾಡ್ಜಿನವರ ಎದೆ ಧಸಕ್ ಎನ್ನುತ್ತದೆ.

ನೀವು ಏನು ಹೇಳುತ್ತೀರಿ ಗೊತ್ತು. ‘ಈಗಿನ ಜನಕ್ಕೆ ತಾಳ್ಮೆ ಇಲ್ಲ, ಮೂರು ಗಂಟೆ ಯಾರು ಕೂರುತ್ತಾರೆ?’ ಬಾದಾಮಿಯ ಹತ್ತಿರ ಬನಶಂಕರಿ ಜಾತ್ರೆಗೆ ಹೋಗಿ ನೋಡಿ. ಬನದ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ಸಾಲಾಗಿ ನಾಟಕ ಕಂಪನಿಗಳ ಟೆಂಟ್ ಏಳುತ್ತವೆ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡ ಜನ ಚಳಿಯಲ್ಲಿ ಕಂಬಳಿ ಹೊದ್ದು ಬೆಳಗಿನ ಜಾವದವರೆಗೆ ಕೂರುತ್ತಾರೆ. ಅವರ ಜೇಬಿನಲ್ಲೂ ಫೋನ್ ಇದೆ, ಅವರೂ ರೀಲ್ಸ್ ನೋಡುವವರೇ. ಜನಕ್ಕೆ ತಾಳ್ಮೆ ಇಲ್ಲದಿರುವುದು ಭಾಷಣದ ವಿಷಯದಲ್ಲಿ. ಆ ಸಿಟ್ಟನ್ನು ನೀವು ನಾಟಕದ ಲೆಕ್ಕಕ್ಕೆ ಬರೆದುಕೊಂಡಿದ್ದೀರಿ.

ಚಿಕ್ಕದು ಮಾಡುವುದೇ ತಪ್ಪು ಎಂದು ನಾನು ವಾದಿಸುತ್ತಿಲ್ಲ. ಕರಾವಳಿಯಲ್ಲಿ ಯಕ್ಷಗಾನ ಕಾಲಮಿತಿಗೆ ಬಂದಿದೆ. ಇಡೀ ರಾತ್ರಿಯ ಆಟ ನಡುರಾತ್ರಿಯೊಳಗೆ ಮುಗಿಯುತ್ತದೆ. ಅದರ ಬಗ್ಗೆ ತಕರಾರು ಇರುವವರು ಇದ್ದಾರೆ, ನನಗೆ ಅಷ್ಟೇನೂ ಇಲ್ಲ. ಅಲ್ಲಿ ಕತ್ತರಿ ಹಾಕುವವರು ಭಾಗವತರು, ಕಲಾವಿದರು. ಯಾವ ಪದ್ಯ ಬಿಡಬೇಕು, ಯಾರ ಪ್ರವೇಶ ಕಿರಿದು ಮಾಡಬೇಕು ಎಂದು ಮೊದಲೇ ಕೂತು ಗೊತ್ತು ಮಾಡುತ್ತಾರೆ. ವಿಂಗ್‌ನಲ್ಲಿ ನಿಂತ ಕೈಗಡಿಯಾರ ಅದನ್ನು ಮಾಡುವುದಿಲ್ಲ. ನಿಮ್ಮ ಹತ್ತಿರ ಇರುವುದೇ ಒಂದೂವರೆ ಗಂಟೆ ಎಂದಾದರೆ ತಿಂಗಳ ಮುಂಚೆ ಹೇಳಿ. ಅಷ್ಟಕ್ಕೆ ತಕ್ಕ ನಾಟಕ ಅವರೇ ಕಟ್ಟಿಕೊಂಡು ಬರುತ್ತಾರೆ. ಬಣ್ಣ ಹಚ್ಚಿ ಕೂತವರಿಗೆ ಹೇಳಬೇಡಿ.

ಇನ್ನೊಂದು ದೂರು ಎಲ್ಲ ಕಡೆ ಕೇಳುತ್ತದೆ: ಕಂಪನಿ ಹಾಸ್ಯ ಬರೀ ಡಬಲ್ ಮೀನಿಂಗ್ ಆಗಿಹೋಗಿದೆ, ಮನೆಮಂದಿ ಕೂತು ನೋಡುವ ಹಾಗಿಲ್ಲ. ಪೂರ್ತಿ ಸುಳ್ಳಲ್ಲ. ರಾತ್ರಿಯಿಡೀ ಹೊತ್ತಿರುವ ಜಾತ್ರೆಯ ಟೆಂಟ್‌ಗಳಲ್ಲೂ ಅದು ಇದೆ. ಅಲ್ಲಿ ಪಕ್ಕದ ಟೆಂಟ್‌ನ ಜೊತೆ ಪೈಪೋಟಿ, ಸಿನಿಮಾ ಜೊತೆ ಪೈಪೋಟಿ, ಹೊಟ್ಟೆಪಾಡು. ಆದರೆ ನಿಮ್ಮ ವೇದಿಕೆಯಲ್ಲಿ ಅದು ಬರುವುದಕ್ಕೆ ನೀವೂ ಕಾರಣ. ಒಂದು ಪಾತ್ರ ಕಟ್ಟಿ, ಅದರ ಜಂಬ ತೋರಿಸಿ, ಅದನ್ನು ಉರುಳಿಸಿ ನಗಿಸಲು ಅರ್ಧ ಗಂಟೆ ಬೇಕು. ಸೊಂಟದ ಕೆಳಗಿನ ಮಾತಿಗೆ ಅರ್ಧ ನಿಮಿಷ ಸಾಕು. ಗಡಿಯಾರ ನೋಡುತ್ತ ನಗಿಸು ಎಂದರೆ ಯಾವುದನ್ನು ಆರಿಸಿಕೊಳ್ಳುತ್ತಾರೆ? ನಾನು ನೋಡಿದ ಆ ಹಿರಿಯರು ಅದನ್ನೇ ಮಾಡಿದರು. ಎರಡು ಅಂಥ ಮಾತು ಎಸೆದರು, ಮಂಟಪ ಎದ್ದು ನಕ್ಕಿತು. ಮುಂದಿನ ಸಾಲಿನ ಗಣ್ಯರು ಮೊದಲು ನಕ್ಕು, ಆಮೇಲೆ ಮುಖ ಗಂಟು ಹಾಕಿಕೊಂಡರು.

ಈ ಹಿರಿಯರು ಹೋದರೆ ಜೊತೆಗೆ ಏನು ಹೋಗುತ್ತದೆ ಎಂಬುದಕ್ಕೆ ಉದಾಹರಣೆ ಕಣ್ಣ ಮುಂದೆಯೇ ಇದೆ. ಮಾಸ್ಟರ್ ಹಿರಣ್ಣಯ್ಯ 2019ರ ಮೇ 2ರಂದು ತೀರಿಕೊಂಡರು. ತಂದೆ ಕೆ. ಹಿರಣ್ಣಯ್ಯನವರು ಕಟ್ಟಿದ ಮಿತ್ರಮಂಡಳಿಯನ್ನು ಮುಂದುವರಿಸಿದವರು. ಅವರ ಲಂಚಾವತಾರ ನಾಟಕ ಸಾವಿರಾರು ಪ್ರಯೋಗ ಕಂಡಿತು. ಆದರೆ ಆಡಿದ್ದು ಒಂದೇ ನಾಟಕವೇ? ಬೆಳಗಿನ ಪೇಪರ್‌ನಲ್ಲಿ ಬಂದದ್ದು ಸಂಜೆ ಅವರ ಬಾಯಲ್ಲಿ ಇರುತ್ತಿತ್ತು. ಎದುರಿಗೆ ಮಂತ್ರಿ ಕೂತಿದ್ದರೆ ಇನ್ನೂ ಜೋರು. ಮೊನ್ನೆಯ ನಾಟಕ ನಿನ್ನೆ ಇರಲಿಲ್ಲ, ನಿನ್ನೆಯದು ಇವತ್ತಿಲ್ಲ. ಅದರಲ್ಲಿ ಉಳಿದದ್ದು ಕ್ಯಾಸೆಟ್ಟಿನಲ್ಲಿ, ವಿಡಿಯೋದಲ್ಲಿ ಸಿಕ್ಕಷ್ಟು. ಸಿನಿಮಾದಲ್ಲಿ ನಾವು ಮೆಚ್ಚಿದ ನರಸಿಂಹರಾಜು, ಬಾಲಕೃಷ್ಣ ಇಬ್ಬರೂ ಕಂಪನಿಗಳ ಬೆಳೆಯೇ. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ, ಕಣ್ಣು ನೋಡಿಯೇ ಅಳತೆ ತಪ್ಪದೆ ಮಾತು ಎಸೆಯುತ್ತಿದ್ದರು. ಸಿನಿಮಾ ಕೆಲಸ ಇಲ್ಲದ ದಿನಗಳಲ್ಲಿ ರಾಜ್‌ಕುಮಾರ್, ಜಿ. ವಿ. ಅಯ್ಯರ್ ಜೊತೆ ಇವರಿಬ್ಬರೂ ಸೇರಿ ಊರೂರು ಸುತ್ತಿ ನಾಟಕ ಆಡಿದ್ದರು. ಆ ರಾತ್ರಿಗಳಲ್ಲಿ ಇವರಿಬ್ಬರು ರಂಗದ ಮೇಲೆ ಏನೇನು ಮಾಡಿದರೋ, ನಮಗೆ ಸಿಕ್ಕಿಲ್ಲ.

ಹಾಗಾಗಿ ನಿಮ್ಮಲ್ಲಿ ಕೇಳುವುದು ಇಷ್ಟು. ನಾಟಕ ಮೊದಲು ಇಡಿ, ಸಭೆ ಆಮೇಲೆ. ಅತಿಥಿಗಳು ಬಂದಿಲ್ಲ ಎಂದು ನಾಟಕ ಕಾಯಬಾರದು, ಅತಿಥಿಗಳೇ ಬಂದು ಕತ್ತಲಲ್ಲಿ ಕುರ್ಚಿ ಹುಡುಕಿಕೊಳ್ಳಲಿ. ಸನ್ಮಾನ ಮಾಡಲೇಬೇಕು ಎಂದರೆ ನಡುವಿನ ವಿರಾಮದಲ್ಲಿ ಮಾಡಿ. ವೇಷದಲ್ಲಿರುವ ಕಳ್ಳನಿಗೆ ಶಾಲು ಹೊದಿಸಿದರೆ ಫೋಟೋ ಕೂಡ ಚೆನ್ನಾಗಿ ಬರುತ್ತದೆ. ರಾತ್ರಿ 10ರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಎಂಬ ನಿಯಮ 2000ದಿಂದಲೂ ಇದೆ, ಅದು ಇರಬೇಕಾದ್ದೇ, ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳು ಇರುತ್ತಾರೆ. ಮುಚ್ಚಿದ ಸಭಾಂಗಣಕ್ಕೆ ಆ ತೊಂದರೆ ಇಲ್ಲ. ಜಿಲ್ಲೆಗೊಂದು ರಂಗಮಂದಿರ ಕಟ್ಟಿಕೊಂಡು ಬೀಗ ಹಾಕಿ ಇಡುವ ಬದಲು ಅಲ್ಲಿ ಆಡಿಸಿ. ಬಯಲೇ ಬೇಕೆಂದರೆ 6 ಗಂಟೆಗೆ ಎಂದರೆ 6 ಗಂಟೆಗೆ ಬೆಲ್ ಹೊಡೆಯಿರಿ.

ವಾದ್ಯದವರನ್ನು ಕರೆಸಿ, ಅವರಿಗೂ ರೂಮು ಕೊಡಿ, ಮೊದಲ ಮೈಕ್ ಅವರ ಮುಂದೆ ಇಡಿ. ದುಡ್ಡು ಅದೇ ರಾತ್ರಿ ಕೊಡಿ. ಚೆಕ್ ಬರುತ್ತದೆ, ಬಿಲ್ ಪಾಸಾಗಬೇಕು, ಆಡಿಟ್ ಇದೆ ಎಂದು ವಯಸ್ಸಾದವರನ್ನು ತಿಂಗಳುಗಟ್ಟಲೆ ಅಲೆದಾಡಿಸಬೇಡಿ. ಇಡೀ ನಾಟಕವನ್ನು, ಬೀದಿ ಪರದೆಯ ಮುಂದಿನ ಮಾತೆಲ್ಲ ಸೇರಿಸಿ, ಕಲಾವಿದರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ ಒಂದು ಪ್ರತಿ ಅವರಿಗೇ ಕೊಡಿ. ನಿಮ್ಮ ಡ್ರೋನ್ ಕ್ಯಾಮೆರಾ ಹೇಗೂ ಗಣ್ಯರ ತಲೆ ಮೇಲೆ ಹಾರುತ್ತಿರುತ್ತದೆ, ಅದರ ಬಾಡಿಗೆಯಲ್ಲಿ ಇದೂ ಆದೀತು.

ಹೊರನಾಡಿನ ಕನ್ನಡ ಕೂಟದವರಿಗೆ ಒಂದು ಮಾತು ಬೇರೆ. ನೀವು ಪ್ರೀತಿಯಿಂದ, ದುಡ್ಡು ಖರ್ಚು ಮಾಡಿ, ವೀಸಾ ಮಾಡಿಸಿ ಈ ಹಿರಿಯರನ್ನು ಕರೆಸಿಕೊಳ್ಳುತ್ತೀರಿ. ಅದಕ್ಕೆ ಕೈ ಮುಗಿಯಬೇಕು. ಆದರೆ ಸಮುದ್ರ ದಾಟಿ ಬಂದವರಿಗೆ ಫ್ಯಾಷನ್ ಶೋ ಮತ್ತು ಊಟದ ನಡುವೆ ಇಪ್ಪತ್ತು ನಿಮಿಷ ಕೊಟ್ಟರೆ ಅವರು ಏನು ಮಾಡಬೇಕು? ಎರಡು ಜೋಕು, ಒಂದು ಹಾಡಿನ ಪಲ್ಲವಿ, ನಮಸ್ಕಾರ. ಮುಂದಿನ ಸಲ ಅವರಿಗಾಗಿಯೇ ಒಂದು ಸಂಜೆ ಬಿಡಿಸಿಡಿ. ಅಲ್ಲಿ ಹುಟ್ಟಿದ ಮಕ್ಕಳಿಗೆ ಮಾತು ಅರ್ಧ ಅರ್ಥವಾಗಲಿಕ್ಕಿಲ್ಲ. ಹಾಸ್ಯನಟನ ನಡಿಗೆ ಪೂರ್ತಿ ಅರ್ಥವಾಗುತ್ತದೆ.

ಕೊನೆಯದಾಗಿ, ಟಿಕೆಟ್ ಇಡಿ. ‘ಎಲ್ಲರಿಗೂ ಉಚಿತ ಪ್ರವೇಶ’ ಎಂದು ಬೋರ್ಡ್ ಹಾಕುವುದು ನಿಮಗೆ ಹೆಮ್ಮೆ ಇರಬಹುದು. ಐವತ್ತು ರೂಪಾಯಿ ಕೊಟ್ಟು ಬಂದವನು ಮೂರು ಗಂಟೆ ಕೂರುತ್ತಾನೆ, ಭಾಷಣ ಉದ್ದವಾದರೆ ಜಗಳವನ್ನೂ ಆಡುತ್ತಾನೆ. ಅಂಥ ಜಗಳ ನಿಮಗೂ ಒಳ್ಳೆಯದೇ. ಆಮಂತ್ರಣ ಪತ್ರಿಕೆಯಲ್ಲಿ ಪೆಟ್ಟಿಗೆ ಮಾಸ್ಟರ್ ಹೆಸರು, ತಬಲಾದವರ ಹೆಸರು, ಪರದೆ ಎಳೆಯುವವರ ಹೆಸರು ಹಾಕಿಸಿ. ಜಾಗ ಸಾಲದಿದ್ದರೆ ‘ಘನ ಉಪಸ್ಥಿತಿ’ಯ ಪಟ್ಟಿಯಿಂದ ನಾಲ್ಕು ಹೆಸರು ತೆಗೆಯಿರಿ. ಆ ನಾಲ್ವರು ಹೇಗೂ ಬರುವುದಿಲ್ಲ.

ನನಗೊಂದು ಟಿಕೆಟ್ ಎತ್ತಿಡಿ. ಹಿಂದಿನ ಸಾಲಾದರೂ ಪರವಾಗಿಲ್ಲ, ಫ್ಯಾನ್ ಕೆಳಗೆ ಸಿಕ್ಕರೆ ಇನ್ನೂ ಸಂತೋಷ.

ಇಂತಿ,
ನಾಟಕದ ಹುಚ್ಚಿನ ಒಬ್ಬ ಪ್ರೇಕ್ಷಕ